ಸಿಪಿಇ ತರಬೇತುದಾರರ ಸಾಮರ್ಥ್ಯ ನೋಡುವುದು ಹೇಗೆ: ನನ್ನ ಅನುಭವ

ಆಸ್ಪತ್ರೆಯ ಆಧ್ಯಾತ್ಮಿಕ ಆರೈಕೆಯನ್ನು ರೋಗಿಗಳ ನಡುವೆಯೇ ಕಲಿಸುವ ಸಿಪಿಇ (ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್) ತರಬೇತಿ ನಡೆಸಲು ತಯಾರಾಗುತ್ತಿರುವವರ ಉಪನ್ಯಾಸಕ್ಕೆ ನಾನು ಅಂಕ ಕೊಡುವುದಿಲ್ಲ. ಪ್ರವಚನ ಬಲ್ಲವರಿಗೆ ಅದು ಸುಲಭ. ನಾನು ಕೇಳುವುದು ವಿದ್ಯಾರ್ಥಿಯೊಡನೆ ಅವರು ನಡೆಸಿದ ಒಂದು ಸೂಪರ್ವಿಷನ್ನಿನ (ವಿದ್ಯಾರ್ಥಿಯ ರೋಗಿ ಭೇಟಿಗಳ ಬಗ್ಗೆ ಕೂತು ಮಾತಾಡುವುದು) ಧ್ವನಿಮುದ್ರಣ, ಅದಕ್ಕೆ ಮೊದಲು ಆ ವಿದ್ಯಾರ್ಥಿ ಬರೆದ ವರ್ಬಾಟಿಮ್ (ರೋಗಿಯೊಡನೆ ಆದ ಮಾತುಕತೆಯನ್ನು ಆಡಿದಂತೆಯೇ ಬರೆದದ್ದು), ನಂತರ ಬರೆದ ಇನ್ನೊಂದು. ಎರಡನೆಯದರಲ್ಲಿ ರೋಗಿಯ ಮಾತು ಹೆಚ್ಚಿ ವಿದ್ಯಾರ್ಥಿಯ ಮಾತು ಇಳಿದಿದ್ದರೆ ಕಲಿಸಿದ್ದು ತಲುಪಿದೆ ಎನ್ನಬಹುದು.

1925ರಲ್ಲಿ ಪಾದ್ರಿ ಆಂಟನ್ ಬಾಯ್ಸನ್ ಅಮೆರಿಕದ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳಿಂದಲೇ ಕಲಿಯಲು ಹಚ್ಚಿದರು; ಸಿಪಿಇ ಬೆಳೆದದ್ದು ಅಲ್ಲಿಂದ. ಈಗ ಅಮೆರಿಕದ ಪದ್ಧತಿಯಲ್ಲಿ ತರಬೇತಿಯ ಒಂದು ಯೂನಿಟ್ಟಿಗೆ 400 ಗಂಟೆ; ಅದರಲ್ಲಿ ಕನಿಷ್ಠ 100 ಗಂಟೆ ಗುಂಪಿನಲ್ಲಿ, ಒಬ್ಬೊಬ್ಬರೊಡನೆ ಕೂತು ಕಲಿಯುವುದಕ್ಕೆ. ತರಬೇತುದಾರರ ಕೆಲಸ ಕಾಣುವುದು ಈ 100 ಗಂಟೆಗಳಲ್ಲಿ.

ಮುದ್ರಣದಲ್ಲಿ ಒಂದು ಹತ್ತು ನಿಮಿಷದ ಭಾಗವನ್ನು ಆರಿಸಿ ಮತ್ತೆ ಮತ್ತೆ ಕೇಳುತ್ತೇನೆ. ಉದಾಹರಣೆಗೆ, ಹಾಸಿಗೆ ಹಿಡಿದ ಮಗುವಿನ ತಾಯಿ ಅಳಲು ತೊಡಗಿದ ಕೂಡಲೇ ವಿದ್ಯಾರ್ಥಿ "ದೇವರಿದ್ದಾನೆ ಅಕ್ಕಾ, ಎಲ್ಲ ಸರಿಯಾಗ್ತದೆ" ಎಂದಿದ್ದಾನೆ ಎನ್ನಿ. "ಹಾಗೆ ಹೇಳಬಾರದಿತ್ತು" ಎಂದರೆ ತರಬೇತುದಾರರು ತಪ್ಪು ತಿದ್ದಿದರು, ಅಷ್ಟೆ. "ಅವರು ಅಳುವಾಗ ನಿಮಗೇನಾಯ್ತು?" ಎಂದು ಕೇಳಿ ಉತ್ತರ ಬರುವವರೆಗೆ ಸುಮ್ಮನಿದ್ದರೆ ಅದು ಕಲಿಸುವುದು. ಇಲ್ಲಿ ಒಂದು ವಿಷಯ ತಪ್ಪದೆ ಗಮನಿಸಬೇಕು. ತಾಯಿಯನ್ನು ವಿದ್ಯಾರ್ಥಿ ಅವಸರದಲ್ಲಿ ಸಮಾಧಾನಪಡಿಸಿದಂತೆಯೇ, ವಿದ್ಯಾರ್ಥಿ ಪೆಚ್ಚಾದಾಗ ತರಬೇತುದಾರರೂ ಅವಸರದಲ್ಲಿ ಅವನನ್ನು ಸಮಾಧಾನಪಡಿಸುವುದುಂಟು. ಮಂಚದ ಬಳಿ ನಡೆದದ್ದೇ ಸೂಪರ್ವಿಷನ್ನಿನಲ್ಲೂ ನಡೆಯುತ್ತದೆ. ಇದನ್ನು ತಾವಾಗಿ ಗುರುತಿಸಿ ವಿದ್ಯಾರ್ಥಿಗೂ ತೋರಿಸಬಲ್ಲವರು ಮಾತ್ರ ಸ್ವತಂತ್ರವಾಗಿ ಕಲಿಸಲು ಸಿದ್ಧರು. ನನ್ನ ಮಟ್ಟಿಗೆ ಉಳಿದ ಯಾವ ಗುಣವೂ ಇದಕ್ಕೆ ಬದಲಿಯಲ್ಲ.

ಕಾಸರಗೋಡಿನಲ್ಲಿ ಪಂಚಾಯತಿನ ಪಾಲಿಯೇಟಿವ್ (ಸಾಂತ್ವನ ಆರೈಕೆ) ತಂಡ ಒಂದೇ ದಿನ ತುಳು, ಮಲಯಾಳ, ಬ್ಯಾರಿ, ಕನ್ನಡದ ಮನೆಗಳಿಗೆ ಹೋಗುತ್ತದೆ. ವರ್ಬಾಟಿಮನ್ನು ಆಡಿದ ಭಾಷೆಯಲ್ಲೇ ಕನ್ನಡ ಲಿಪಿಯಲ್ಲಿ ಬರೆಸಬೇಕು. ಶುದ್ಧ ಕನ್ನಡಕ್ಕೆ ತಂದರೆ ಸಿಟ್ಟು ನಯವಾಗಿ, ತೊದಲಿದ್ದು ಮಾಯವಾಗುತ್ತದೆ. ರೋಗಿ ಯಾವ ಧರ್ಮದವರೇ ಇರಲಿ, ಅವರು ಕೇಳದೆ ವಿದ್ಯಾರ್ಥಿ ತನ್ನ ಪ್ರಾರ್ಥನೆಯನ್ನು ಹೇರಿದ್ದನ್ನು ತರಬೇತುದಾರರು ಹಿಡಿದರೇ ಎಂದೂ ನೋಡುತ್ತೇನೆ. ರೋಗಿಯ ಹೆಸರು ತೆಗೆದರೆ ಸಾಲದು. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಮನೆಯಾದರೆ ಊರು ಮತ್ತು ಮಗುವಿನ ವಯಸ್ಸೇ ಸಾಕು, ಯಾರೆಂದು ತಿಳಿದುಬಿಡುತ್ತದೆ. ಅವನ್ನೂ ಬದಲಿಸಬೇಕು. ಧ್ವನಿಮುದ್ರಣಕ್ಕೆ ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಬೇಕು.

ಅಂಕ 1ರಿಂದ 4. ಪ್ರತಿ ಅಂಕದ ಎದುರು ಕಿವಿಗೆ ಕೇಳುವ ನಡವಳಿಕೆಯನ್ನೇ ಬರೆದಿಡುತ್ತೇನೆ: 1 ಎಂದರೆ ಉಪದೇಶ, 2 ಎಂದರೆ ಪ್ರಶ್ನೆ ಕೇಳಿ ತಾವೇ ಉತ್ತರಿಸುವುದು, 3 ಎಂದರೆ ಕಾಯುವುದು, 4 ಎಂದರೆ ಮೇಲೆ ಹೇಳಿದ ಗುರುತಿಸುವಿಕೆ. "ಸಹಾನುಭೂತಿ ಉಂಟು" ಎಂಬಂಥ ಸಾಲು ಬೇಡ. ಇಷ್ಟವಾದವರಿಗೆಲ್ಲ ಅದರಲ್ಲಿ ಅಂಕ ಬೀಳುತ್ತದೆ. ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಬೇಕು, ಎರಡು ಅಂಕದ ಅಂತರ ಬಂದರೆ ಒಟ್ಟಿಗೆ ಅದೇ ಭಾಗ ಕೇಳಬೇಕು. ಅಭ್ಯರ್ಥಿಯ ಸಂಬಳ, ಬಡ್ತಿ ನೋಡುವ ಮೇಲಧಿಕಾರಿ ಈ ಇಬ್ಬರಲ್ಲಿ ಒಬ್ಬರಾಗಬಾರದು. ಹಾಗಾದರೆ ಅಭ್ಯರ್ಥಿ ಒಳ್ಳೆಯ ಮುದ್ರಣವನ್ನೇ ಹುಡುಕಿ ತರುತ್ತಾರೆ, ಕಷ್ಟಪಟ್ಟದ್ದನ್ನು ತರುವುದಿಲ್ಲ.

ಯೂನಿಟ್ಟಿನ ನಡುವೆ ಒಮ್ಮೆ ಅಂಕವಿಲ್ಲದೆ ಇದೇ ಕ್ರಮದಲ್ಲಿ ನೋಡುತ್ತೇನೆ. ಕಾಯುವುದು ಇನ್ನೂ ಬಾರದವರಿಗೆ ಮುದ್ರಣದ ಯಾವ ನಿಮಿಷದಲ್ಲಿ ಕಾಯಬಹುದಿತ್ತು ಎಂದು ಬರೆದುಕೊಟ್ಟು, ಅದೇ ವಿದ್ಯಾರ್ಥಿಯೊಡನೆ ಮಾಡಿದ ಹೊಸ ಮುದ್ರಣ ತರಲು ಹೇಳುತ್ತೇನೆ.