ಮೌಂಟನ್ ಬೈಕ್: ಮೊದಲು ಗಾಳಿ, ಆಮೇಲೆ ಬಿಡಿಭಾಗ

ಕಲ್ಲುದಾರಿಯಲ್ಲಿ ಸ್ವಲ್ಪ ಹೊತ್ತು ತುಳಿದರೆ ಸಾಕು, ಅಂಗೈ ಜೋಮು ಹಿಡಿಯುತ್ತದೆ, ಸೊಂಟ ನೋಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಒತ್ತಿ ನೋಡುವುದು ಅವರ ಟೈರನ್ನು. ಹೊಸ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದು ಪೆಟ್ಟು ನುಂಗುವ ಕವಲು), ಹೊಸ ಸೀಟು, ಕಾರ್ಬನ್ ಹ್ಯಾಂಡಲ್‌ಬಾರ್ ಇವುಗಳ ಮಾತು ಆಮೇಲೆ. ನನ್ನ ಮೌಂಟನ್ ಬೈಕನ್ನು ವರ್ಷಗಳಿಂದ ನಾನೇ ಬಿಚ್ಚಿ, ಒರೆಸಿ, ಜೋಡಿಸಿಕೊಂಡು ಬಂದಿದ್ದೇನೆ. ಸವಾರಿಯ ಸುಖದ ಬಹುಪಾಲು ಇರುವ ಭಾಗಗಳನ್ನು ನಮ್ಮ ಮೈಗೆ ಹೊಂದಿಸಿ, ಅವನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದರಲ್ಲಿದೆ ಎಂಬುದು ಈ ಕೆಲಸದಿಂದಲೇ ನನಗೆ ಖಾತ್ರಿಯಾಯಿತು.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಒತ್ತಡ ದಾಟಬಾರದ ಗಡಿಯಷ್ಟೇ. ಅಷ್ಟು ಗಾಳಿ ತುಂಬಬೇಕೆಂದು ಅದು ಹೇಳುವುದಿಲ್ಲ. ಆದರೂ ಎಷ್ಟೋ ಜನ 40, 45 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ತುಂಬಿಕೊಂಡು ಕಾಡಿನ ದಾರಿಗೆ ಇಳಿಯುತ್ತಾರೆ. ಆಗ ಟೈರು ಪ್ರತಿ ಹರಳಿನ ಮೇಲೂ ಪುಟಿಯುತ್ತದೆ, ಆ ಪೆಟ್ಟು ನೇರವಾಗಿ ಮಣಿಕಟ್ಟಿಗೆ ಬರುತ್ತದೆ. ಗಾಳಿ ಕಡಿಮೆಯಿದ್ದರೆ ಟೈರು ಕಲ್ಲನ್ನು ಅಪ್ಪಿಕೊಂಡು ಸಾಗುತ್ತದೆ, ಹಿಡಿತವೂ ಹೆಚ್ಚು. ನನ್ನ ತೂಕ 70 ಕಿಲೋ ಆಸುಪಾಸು. 2.4 ಇಂಚಿನ ಟ್ಯೂಬ್‌ಲೆಸ್ ಟೈರು, ಒಳ ಅಗಲ 30 ಮಿ.ಮೀ. ಇರುವ ರಿಮ್ಮು. ಮುಂದೆ 20-21, ಹಿಂದೆ 23-24 ಪಿಎಸ್ಐ ನನಗೆ ಒಗ್ಗಿದೆ. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚು ಬೀಳುವುದರಿಂದ ಅಲ್ಲಿ ಸ್ವಲ್ಪ ಜಾಸ್ತಿ. ಒಂದೊಂದೇ ಪಿಎಸ್ಐ ಇಳಿಸುತ್ತಾ ಪರೀಕ್ಷಿಸಬೇಕು. ತಿರುವಿನಲ್ಲಿ ಟೈರು ಪಕ್ಕಕ್ಕೆ ಹೊರಳುವಂತೆ ಅನ್ನಿಸಿದರೆ, ರಿಮ್ಮು ಕಲ್ಲಿಗೆ ಬಡಿದ ಸದ್ದು ಕೇಳಿಸಿದರೆ ಇಳಿಸಿದ್ದು ಅತಿಯಾಯಿತು ಎಂದರ್ಥ. ಟ್ಯೂಬು ಹಾಕುವವರು ನನಗಿಂತ ಮೂರು ನಾಲ್ಕು ಪಿಎಸ್ಐ ಹೆಚ್ಚೇ ಇಟ್ಟುಕೊಳ್ಳಲಿ, ಇಲ್ಲದಿದ್ದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ಇಷ್ಟು ಕಡಿಮೆ ಒತ್ತಡವನ್ನು ಪಂಪಿನ ಮುಳ್ಳು ಸರಿಯಾಗಿ ತೋರಿಸುವುದಿಲ್ಲ. ಚಿಕ್ಕದೊಂದು ಡಿಜಿಟಲ್ ಗೇಜ್ ಬೇಕು, ಯಾವಾಗಲೂ ಅದೊಂದನ್ನೇ ಬಳಸಬೇಕು. ಟ್ಯೂಬ್‌ಲೆಸ್ ಟೈರಿನೊಳಗಿನ ಸೀಲೆಂಟ್, ಅಂದರೆ ಸಣ್ಣ ತೂತು ಮುಚ್ಚುವ ದ್ರವ, ಒಣಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಚಕ್ರವನ್ನು ಕಿವಿಯ ಬಳಿ ಅಲ್ಲಾಡಿಸುತ್ತೇನೆ, ದ್ರವ ಕುಲುಕುವ ಸದ್ದಿಲ್ಲದಿದ್ದರೆ ವಾಲ್ವಿನ ಮೂಲಕ ಹೊಸದನ್ನು ಸುರಿಯುತ್ತೇನೆ.

ಗಾಳಿಯ ನಂತರ ಮೈ ತಾಗುವ ಜಾಗಗಳು. ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ನರದ ಮೇಲೆ ಭಾರ ಬೀಳುತ್ತಿರಬಹುದು. ಇದಕ್ಕೆ ಎಲ್ಲರೂ ದಪ್ಪ ಗ್ರಿಪ್ ಹುಡುಕುತ್ತಾರೆ. ನಾನು ಮೊದಲು ಸೀಟು ನೋಡುತ್ತೇನೆ. ಅದರ ಮೂತಿ ಕೆಳಗೆ ಬಾಗಿದ್ದರೆ ಸವಾರ ಮುಂದಕ್ಕೆ ಜಾರುತ್ತಾ ಇಡೀ ಭಾರವನ್ನು ಕೈಗೆ ಕೊಡುತ್ತಾನೆ. ಆದ್ದರಿಂದ ಸೀಟು ಸಮತಲವಾಗಿರಲಿ. ಎತ್ತರಕ್ಕೆ ಹಳೆಯ ಲೆಕ್ಕವೇ ಸಾಕು: ಪೆಡಲ್ ಅತ್ಯಂತ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಬೆರಳಬುಡದಿಂದ ತುಳಿಯುವಾಗ ಮಂಡಿ ತಾನಾಗಿ ಸ್ವಲ್ಪ ಬಾಗುತ್ತದೆ. ಮೆತ್ತನೆಯ ಸೀಟೇ ಹಿತ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಮೂಳೆಗಳು ಸ್ಪಂಜಿನಲ್ಲಿ ಹೂತುಹೋದಾಗ ನಡುವಿನ ಮೃದುಭಾಗಕ್ಕೆ ಒತ್ತಡ ಬೀಳುತ್ತದೆ. ಕುಳಿತಾಗ ತಾಗುವ ಎರಡು ಮೂಳೆಗಳ ಅಂತರಕ್ಕೆ ಸರಿಹೊಂದುವ ಅಗಲದ, ತುಸು ಗಟ್ಟಿಯಾದ ಸೀಟು ದೂರದ ಸವಾರಿಗೆ ಒಳ್ಳೆಯದು. ರಟ್ಟಿನ ತುಂಡಿನ ಮೇಲೆ ಕುಳಿತೆದ್ದರೆ ಎರಡು ಗುಳಿ ಮೂಡುತ್ತವೆ, ಅವುಗಳ ಅಂತರವನ್ನು ಅಳೆದರಾಯಿತು.

ಬ್ರೇಕ್ ಲಿವರಿನ ಕೋನವೂ ಅಷ್ಟೇ ಮುಖ್ಯ. ಇಳಿಜಾರಿನ ಭಂಗಿಯಲ್ಲಿ ನಿಂತು, ತೋರುಬೆರಳು ಚಾಚಿದರೆ ಮಣಿಕಟ್ಟು ಬಾಗದೆ ಲಿವರಿನ ತುದಿಯ ಕೊಕ್ಕೆಗೆ ಸಿಗುವಂತೆ ಒಳಕ್ಕೆ ಸರಿಸಿ ಬಿಗಿಯುತ್ತೇನೆ. ಈಗಿನ ಡಿಸ್ಕ್ ಬ್ರೇಕಿಗೆ ಒಂದು ಬೆರಳು ಸಾಕು, ಉಳಿದ ಬೆರಳುಗಳು ಹಿಡಿತಕ್ಕೆ ಉಳಿಯುತ್ತವೆ. ಹೊಸ ಹ್ಯಾಂಡಲ್‌ಬಾರ್‌ಗಳು ಸಾಮಾನ್ಯವಾಗಿ 780 ಇಲ್ಲವೇ 800 ಮಿ.ಮೀ. ಅಗಲ ಬರುತ್ತವೆ. ನನ್ನ ಹೆಗಲಿಗೆ 760 ಹಿತ. ಕತ್ತರಿಸುವ ಮೊದಲು ಗ್ರಿಪ್, ಲಿವರುಗಳನ್ನು ಒಳಕ್ಕೆ ಸರಿಸಿ ಕೆಲವು ದಿನ ಓಡಿಸಿ ನೋಡಿದೆ. ಕತ್ತರಿಸಿದ ಕೊಳವೆ ಮತ್ತೆ ಬೆಳೆಯುವುದಿಲ್ಲವಲ್ಲ.

ನನಗೆ ಅತ್ಯಂತ ಪ್ರಿಯವಾದ ಕೆಲಸ ಫೋರ್ಕಿನದು. ನನ್ನದು 140 ಮಿ.ಮೀ. ಚಲಿಸುವ ಗಾಳಿಯ ಫೋರ್ಕ್. ಸವಾರಿಯ ಭಂಗಿಯಲ್ಲಿ ನಿಂತಾಗ ಅದು ಶೇಕಡಾ 20ರಷ್ಟು, ಅಂದರೆ 28 ಮಿ.ಮೀ. ಕುಸಿಯುವಂತೆ ಗಾಳಿ ಇಡುತ್ತೇನೆ. ಕೊಳವೆಯ ಮೇಲಿರುವ ರಬ್ಬರ್ ಉಂಗುರ ಈ ಅಳತೆಯನ್ನು ತೋರಿಸುತ್ತದೆ. ಆದರೆ ಒತ್ತಡ ಸರಿಯಿದ್ದೂ ಸಣ್ಣ ಕಲ್ಲುಗಳ ಮೇಲೆ ಫೋರ್ಕ್ ಬಿಗಿದುಕೊಂಡಂತೆ ಅನ್ನಿಸಿದರೆ ಕಾರಣ ಬಹುತೇಕ ಒಳಗಿನ ಎಣ್ಣೆ. ಫೋರ್ಕಿನ ಕೆಳಗಿನ ಕಾಲುಗಳಲ್ಲಿ (ಹೊರ ಕೊಳವೆಗಳಲ್ಲಿ) ಇರುವ ಎಣ್ಣೆ ಕೆಲವೇ ಮಿಲಿಲೀಟರ್. ಧೂಳು ಸೇರಿ, ಹಳತಾಗಿ ಅದು ಜಾರುವ ಗುಣ ಕಳೆದುಕೊಳ್ಳುತ್ತದೆ. ಅನೇಕ ಫೋರ್ಕುಗಳಿಗೆ 50 ಗಂಟೆಗಳ ಸವಾರಿಗೊಮ್ಮೆ ಈ ಎಣ್ಣೆ ಬದಲಿಸಬೇಕು ಎಂದು ತಯಾರಕರೇ ಹೇಳುತ್ತಾರೆ. ಇದನ್ನು ಮಾಡದೆ ಫೋರ್ಕ್ ಕೆಟ್ಟಿತು ಎಂದು ಹೊಸದಕ್ಕೆ ದುಡ್ಡು ಸುರಿಯುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು ಫೋರ್ಕಿನ ಗಾಳಿಯನ್ನು ಪೂರ್ತಿ ಬಿಡಬೇಕು, ಇದರಲ್ಲಿ ರಾಜಿಯಿಲ್ಲ. ಆಮೇಲೆ ಬುಡದ ಎರಡು ಬೋಲ್ಟುಗಳನ್ನು ಕೆಲವು ಸುತ್ತು ಸಡಿಲಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಬೋಲ್ಟು ತೆಗೆದು ಕಾಲುಗಳನ್ನು ಎಳೆಯುತ್ತೇನೆ. ಕೆಳಗಿಟ್ಟ ತಟ್ಟೆಗೆ ಕಪ್ಪು ಎಣ್ಣೆ ಇಳಿಯುತ್ತದೆ. ಒಳಭಾಗವನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಸೀಲುಗಳ ಅಡಿಯಲ್ಲಿರುವ ಸ್ಪಂಜಿನ ಉಂಗುರಗಳನ್ನು ತೊಳೆದು ಹೊಸ ಎಣ್ಣೆಯಲ್ಲಿ ನೆನೆಸುತ್ತೇನೆ. ಎಷ್ಟು ಎಣ್ಣೆ, ಯಾವ ಎಣ್ಣೆ ಎಂಬುದು ಆಯಾ ಫೋರ್ಕಿನ ಕೈಪಿಡಿಯಲ್ಲಿರುತ್ತದೆ, ಅಂದಾಜು ಬೇಡ. ಜೋಡಿಸಿ ಗಾಳಿ ತುಂಬಿದ ಮೇಲೆ ಅಂಗೈಯಿಂದ ಒತ್ತಿದರೆ ಸದ್ದಿಲ್ಲದೆ ಇಳಿಯುವ ಆ ಮೊದಲ ಕೆಲವು ಮಿಲಿಮೀಟರ್‌ಗಳ ನಯಕ್ಕಾಗಿಯೇ ಇಷ್ಟೆಲ್ಲ ದುಡಿಮೆ.

ಚೈನಿನ ವಿಷಯ ಚಿಕ್ಕದು. ಒಂದು ಪಿನ್ನಿನ ನಡುವಿನಿಂದ ಅಳೆದರೆ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನು ಸಿಗಬೇಕು. ಅದು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಸವೆತ ಅರ್ಧ ಶೇಕಡಾ. 12 ಗೇರಿನ ಬೈಕಿನಲ್ಲಿ ಆಗಲೇ ಚೈನು ಬದಲಿಸಬೇಕು, ಇಲ್ಲವಾದರೆ ಅದಕ್ಕಿಂತ ಎಷ್ಟೋ ದುಬಾರಿಯಾದ ಕ್ಯಾಸೆಟ್ಟೂ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಚ್ಛ) ಸವೆಯುತ್ತದೆ. ಪೆಡಲಿನ ಬಳಿಯ ಹಲ್ಲುಚಕ್ರವಾದ ಚೈನ್‌ರಿಂಗಿನಲ್ಲಿ 32 ಹಲ್ಲಿನ ಬದಲು 30 ಹಲ್ಲಿನದನ್ನು ಹಾಕಿಕೊಂಡಿದ್ದೇನೆ. ಎಲ್ಲ ಗೇರುಗಳೂ ಶೇಕಡಾ 6ರಷ್ಟು ಹಗುರಾದವು. ಸಮತಟ್ಟು ರಸ್ತೆಯ ವೇಗ ಸ್ವಲ್ಪ ಹೋಯಿತು, ಏರಿನಲ್ಲಿ ಮಂಡಿ ಉಳಿಯಿತು.

ಬ್ರೇಕಿನಲ್ಲಿ ಎರಡು ಬಗೆಯ ದ್ರವಗಳಿವೆ. ಶಿಮಾನೊ ಕಂಪನಿಯ ಬ್ರೇಕುಗಳಿಗೆ ಮಿನರಲ್ ಎಣ್ಣೆ, ಸ್ರ್ಯಾಮ್‌ನ ಅನೇಕ ಮಾದರಿಗಳಿಗೆ ಡಾಟ್ ದ್ರವ (ಕಾರಿನ ಬ್ರೇಕಿನಲ್ಲೂ ಇರುವಂಥದು), ಕೆಲವು ಹೊಸ ಮಾದರಿಗಳಿಗೆ ಮಿನರಲ್. ಒಂದರ ಬದಲು ಇನ್ನೊಂದು ಹಾಕಿದರೆ ರಬ್ಬರ್ ಸೀಲುಗಳು ಹಾಳಾಗುತ್ತವೆ. ಡಾಟ್ ದ್ರವ ಗಾಳಿಯ ತೇವ ಹೀರುವುದರಿಂದ ಅದನ್ನು ಕಾಲಕಾಲಕ್ಕೆ ಬದಲಿಸಲೇಬೇಕು. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡುಗಳಲ್ಲಿ ಲೋಹದವು ಕೆಸರು, ಮಳೆಯಲ್ಲಿ ಬಾಳುತ್ತವೆ. ಒಣ ದಾರಿಗೆ ನನಗೆ ರೆಸಿನ್ (ರಾಳದ) ಪ್ಯಾಡೇ ಇಷ್ಟ, ಸದ್ದು ಕಡಿಮೆ, ತಣ್ಣಗಿದ್ದಾಗಲೂ ಚೆನ್ನಾಗಿ ಹಿಡಿಯುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟಗಳಿಂದ ಹಳೆಯ ಭಾರದ ಸೈಕಲ್‌ಗಳಲ್ಲಿ ಇಳಿಯುತ್ತಿದ್ದವರ ಚಕ್ರದ ನಡುವಿನ ಹಬ್‌ ಬ್ರೇಕುಗಳಲ್ಲಿ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು, ಇಳಿದ ಮೇಲೆ ಹಬ್ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಿತ್ತು. ಈ ಸವಾರಿಯೂ ದುರಸ್ತಿಯೂ ಅಂದಿನಿಂದಲೇ ಜೊತೆಗಾರರು.

ಭಾಗ ಕೊಳ್ಳುವ ಮುನ್ನ ಅಳತೆ ನೋಡಿಕೊಳ್ಳಬೇಕು. ಹ್ಯಾಂಡಲ್‌ಬಾರಿನ ನಡುಭಾಗ 31.8 ಮಿ.ಮೀ. ಅಥವಾ 35, ಹಿಂದಿನ ಹಬ್ಬಿನ ಅಗಲ 142 ಅಥವಾ 148, ಕ್ಯಾಸೆಟ್ ಕೂರುವ ಫ್ರೀಹಬ್ಬಿನ ಬಗೆ, ಇವು ಬೇರೆಯಾದರೆ ಎಷ್ಟು ಒಳ್ಳೆಯ ಭಾಗವೂ ಕೂರುವುದಿಲ್ಲ. ನನ್ನ ಬೈಕಿನ ಈ ಅಳತೆಗಳನ್ನೂ ಟೈರು, ಫೋರ್ಕಿನ ಒತ್ತಡವನ್ನೂ ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನ ಬೋಲ್ಟಿಗೆ ಬೇಕಾದ 5 ನ್ಯೂಟನ್ ಮೀಟರ್ ಬಿಗಿಯನ್ನೂ ಒಂದು ಚೀಟಿಯಲ್ಲಿ ಬರೆದು ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಏನಾದರೂ ಬದಲಿಸಿದ ದಿನವೇ ಚೀಟಿಯನ್ನೂ ತಿದ್ದುತ್ತೇನೆ.