ಕ್ವೆಂಚ್ ಮಾಡುವಾಗ (ಕಾದ ಸ್ಟೀಲನ್ನ ನೀರಲ್ಲೋ ಎಣ್ಣೇಲೋ ಅದ್ದಿ ಗಟ್ಟಿ ಮಾಡುವಾಗ) ಉಳಿ, ಮಚ್ಚು ಬಿರುಕು ಬಿಡ್ತಿದ್ರೆ ಇದನ್ನ ನೋಡಿ

ಬಡಿದು ಮಾಡಿದ ಉಳಿನ ಅದ್ದಿದ ತಕ್ಷಣ ಟಿಕ್ ಅಂತ ಸದ್ದು ಬಂದ್ರೆ ಎಲ್ರೂ ಸ್ಟೀಲೇ ಸರಿ ಇಲ್ಲ ಅಂತಾರೆ, ಆದ್ರೆ ಸಾಮಾನ್ಯವಾಗಿ ಎಡವಟ್ಟು ಆಗಿರೋದು ಕಾಯಿಸೋದ್ರಲ್ಲಿ. ಗಟ್ಟಿಯಾಗುವಾಗ ಸ್ಟೀಲ್ ಮಾರ್ಟೆನ್ಸೈಟ್ ಅನ್ನೋ ತುಂಬಾ ಗಟ್ಟಿ ರೂಪಕ್ಕೆ ತಿರುಗಿ ಸ್ವಲ್ಪ ಹಿಗ್ಗುತ್ತೆ, ಹೊರಮೈ ಮೊದ್ಲೇ ಗಟ್ಟಿಯಾಗಿ ಕೂತಿರುತ್ತೆ ಒಳಗಿಂದು ಆಮೇಲೆ ಹಿಗ್ಗುತ್ತೆ, ಆ ಎಳೆತಕ್ಕೇ ಸೀಳೋದು. ಚೂಪು ಮೂಲೆ, ಸುತ್ತಿಗೆ ಗುರುತು, ಗ್ರೈಂಡರ್ ಗೀರು ಇದ್ರೆ ಬಿರುಕು ಅಲ್ಲಿಂದಲೇ ಶುರು, ಮೊದ್ಲೇ ಅರದಲ್ಲಿ ಉಜ್ಜಿ ದುಂಡಗೆ ಮಾಡ್ಕೊಳ್ಳಿ.

ದಯವಿಟ್ಟು ಹಳದಿ ಬಣ್ಣ ಬರೋವರೆಗೂ ಕಾಯಿಸ್ಬೇಡಿ, ಒಳಗಿನ ಗ್ರೇನ್ (ಲೋಹದ ಸಣ್ಣ ಹರಳುಗಳು) ದಪ್ಪ ಆಗುತ್ತೆ, ಮುರಿದ ಜಾಗ ನೋಡಿದ್ರೆ ಸಕ್ಕರೆ ಹರಳಿನ ಥರ ಮಿನುಗ್ತಿರುತ್ತೆ. ಸಾದಾ ಹೈ ಕಾರ್ಬನ್ ಸ್ಟೀಲ್ ಆದ್ರೆ ಸುಮಾರು 770 ಡಿಗ್ರಿಗೆ ಆಯಸ್ಕಾಂತ ಹಿಡಿಯೋದು ನಿಲ್ಲುತ್ತೆ, ಅಲ್ಲಿಂದ ಇನ್ನೊಂಚೂರು ಸಾಕು. ಬಡಿದು ಮುಗಿಸಿದವ್ರು ನೇರ ಅದ್ದೋಕೆ ಹೋಗ್ಬೇಡಿ, ಎರಡು ಮೂರು ಸಲ ಕಾಯಿಸಿ ಗಾಳೀಲೇ ಆರೋಕೆ ಬಿಡಿ, ಇದನ್ನ ಬಿಟ್ಟೋರೇ ಜಾಸ್ತಿ. ಲೀಫ್ ಸ್ಪ್ರಿಂಗ್ ಸ್ಟೀಲ್‌ಗೆ ನೀರು ಬೇಡ್ವೇ ಬೇಡ, 50-60 ಡಿಗ್ರಿ ಬೆಚ್ಚಗಿರೋ ಎಣ್ಣೆ ಸಾಕು.

ಇನ್ನೊಂದು, ಅದ್ದಿ ತೆಗೆದ್ಮೇಲೆ ಕೈಗೆ ಬೆಚ್ಚಗಿರುವಾಗಲೇ, ಪೆಡಸು ಕಮ್ಮಿ ಆಗೋಕೆ ಮತ್ತೆ ಹದವಾಗಿ ಕಾಯಿಸೋ ಟೆಂಪರ್‌ಗೆ ಹಾಕಿ, ನಾಳೆ ಮಾಡೋಣ ಅಂತ ಇಟ್ರೆ ರಾತ್ರೀಲಿ ತಾನಾಗೇ ಸೀಳ್ಕೊಳ್ಳೋದೂ ಉಂಟು.