ಮಂಜು ಏಳುವ ಮೊದಲೇ ವರ್ಲ್ಡ್ಸ್ ಎಂಡ್: ದಾವಣಗೆರೆ, ದುರ್ಗದ ಕಡೆಯವರು ಹಾರ್ಟನ್ ಪ್ಲೇನ್ಸ್‌ಗೆ ಹೋಗುವ ಬಗೆ

ಶ್ರೀಲಂಕಾದ ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಅಷ್ಟು ದೂರ ಹೋಗಿ, ವರ್ಲ್ಡ್ಸ್ ಎಂಡ್ ಪ್ರಪಾತದ ಅಂಚಿನಲ್ಲಿ ಬರೀ ಬಿಳಿ ಮಂಜು ನೋಡಿಕೊಂಡು ಬರುವವರು ಬಹಳ. ತಡವಾಗಿ ತಲುಪುವುದೇ ಇದಕ್ಕೆ ಕಾರಣ. ಬಿಸಿಲೇರಿದಂತೆ ಕೆಳಗಿನ ಬಯಲು ಕಾಯುತ್ತದೆ. ಅಲ್ಲಿಯ ತೇವದ ಗಾಳಿ ಬಂಡೆಗೋಡೆಗುಂಟ ಮೇಲೇರಿ, ತಣ್ಣಗಾಗಿ, ಅಂಚಿನಲ್ಲೇ ಮೋಡವಾಗಿ ನಿಲ್ಲುತ್ತದೆ. ಒಂಬತ್ತು, ಹತ್ತು ಗಂಟೆಯ ಹೊತ್ತಿಗೆ ಪರದೆ ಮುಚ್ಚುವುದು ಅಲ್ಲಿ ಮಾಮೂಲು. ಹಾಗಾಗಿ ಎಂಟು ಗಂಟೆಗೆ ಅಂಚಿನಲ್ಲಿ ಇರಬೇಕು ಎಂದುಕೊಂಡು, ಪ್ರವಾಸದ ಲೆಕ್ಕವನ್ನೆಲ್ಲ ಅಲ್ಲಿಂದ ಹಿಂದಕ್ಕೆ ಹಾಕುತ್ತ ಬನ್ನಿ.

ಮೊದಲು ತಿಂಗಳು. ಜನವರಿಯಿಂದ ಮಾರ್ಚ್‌ವರೆಗೆ ಆಕಾಶ ತಿಳಿಯಾಗಿರುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್‌ನಲ್ಲಿ, ಆದರೆ ಏಪ್ರಿಲ್ ಮಧ್ಯದಲ್ಲಿ ಅಲ್ಲಿ ಸಿಂಹಳ ಮತ್ತು ತಮಿಳು ಹೊಸ ವರ್ಷ. ಇಡೀ ದ್ವೀಪವೇ ಉದ್ಯಾನದ ಹತ್ತಿರದ ಬೆಟ್ಟದೂರಾದ ನುವರ ಎಲಿಯಕ್ಕೆ ಹತ್ತಿ ಬಂದಂತಿರುತ್ತದೆ, ರೂಮಿನ ಬಾಡಿಗೆ ಏರುತ್ತದೆ, ಬೆಟ್ಟದ ರಸ್ತೆಯಲ್ಲಿ ವಾಹನ ಸಾಲುಗಟ್ಟುತ್ತವೆ. ಮೇನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಳೆ, ಗಾಳಿ. ಸಂಕ್ರಾಂತಿಯ ಆಸುಪಾಸಿನಲ್ಲಿ ನಾಲ್ಕೈದು ದಿನ ರಜೆ ಹೊಂದಿಸಿಕೊಳ್ಳುವುದೇ ಒಳ್ಳೆಯದು. ಶನಿವಾರ, ಭಾನುವಾರ ಮತ್ತು ಹುಣ್ಣಿಮೆ ಬೇಡ. ಹುಣ್ಣಿಮೆ ಅಲ್ಲಿ ಸರ್ಕಾರಿ ರಜೆ, ಸ್ಥಳೀಯರ ನೂಕುನುಗ್ಗಲು ಜಾಸ್ತಿ.

ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಪ್ರವೇಶದ ಅನುಮತಿಯಾದ ಇಟಿಎ ಅನ್ನು ಶ್ರೀಲಂಕಾ ಸರ್ಕಾರದ ಅಧಿಕೃತ ತಾಣದಲ್ಲೇ ಪಡೆಯಿರಿ. ಅದೇ ರೀತಿ ಕಾಣುವ ಏಜೆಂಟರ ತಾಣಗಳು ಹೆಚ್ಚು ಹಣ ಕೇಳುತ್ತವೆ. ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವವರು ಬೆಂಗಳೂರು ನಗರ ಹೊಕ್ಕು ಟ್ರಾಫಿಕ್‌ನಲ್ಲಿ ಸಿಗಬೇಕಿಲ್ಲ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಬಹುದು. ದಾವಣಗೆರೆಯಿಂದ ಐದು ಗಂಟೆ ಇಟ್ಟುಕೊಳ್ಳಿ, ದುರ್ಗದಿಂದ ನಾಲ್ಕು. ಕೊಲಂಬೊಗೆ ವಿಮಾನ ಪ್ರಯಾಣ ಸುಮಾರು ಒಂದೂವರೆ ತಾಸು. ಅಲ್ಲಿಯ ಗಡಿಯಾರವೂ ನಮ್ಮದೇ, ಸಮಯ ತಿದ್ದುವ ಗೊಡವೆ ಇಲ್ಲ.

ಉಳಿಯಲು ನುವರ ಎಲಿಯ ಸರಿ. ಸ್ಥಳೀಯರ ಬಾಯಲ್ಲಿ ಅದು ‘ನುರೇಲಿಯ’. ಕೊಲಂಬೊ ಫೋರ್ಟ್‌ನಿಂದ ಬದುಲ್ಲ ಕಡೆಯ ರೈಲು ಹಿಡಿದು ‘ನಾನು ಓಯ’ ಎಂಬ ನಿಲ್ದಾಣದಲ್ಲಿ ಇಳಿಯಬೇಕು, ಆರೇಳು ಗಂಟೆಯ ಪ್ರಯಾಣ. ಸೀಟು 30 ದಿನ ಮುಂಚೆ ಬುಕಿಂಗ್‌ಗೆ ತೆರೆಯುತ್ತದೆ, ಬೇಗ ಮುಗಿದೂ ಹೋಗುತ್ತದೆ. ಮಳೆಗೆ ಗುಡ್ಡ ಕುಸಿದು ಈ ಮಾರ್ಗ ನಿಲ್ಲುವುದುಂಟು, ಆದ್ದರಿಂದ ರೈಲು ಓಡುತ್ತಿದೆಯೇ ಎಂದು ಮೊದಲೇ ವಿಚಾರಿಸಿ. ನುವರ ಎಲಿಯದಲ್ಲಿ ಒಂದಲ್ಲ, ಎರಡು ರಾತ್ರಿ ಹಿಡಿಯಿರಿ. ಒಂದು ಬೆಳಗು ಮಳೆಗೆ ಹೋದರೆ ಇನ್ನೊಂದು ಕೈಯಲ್ಲಿರುತ್ತದೆ. ತೋಟದ ಕೆಲಸದ ತಮಿಳರು ಅಲ್ಲಿ ಬಹಳ, ನಾಲ್ಕು ಮಾತು ತಮಿಳು ಬಂದರೂ ಕೆಲಸವಾಗುತ್ತದೆ.

ಉದ್ಯಾನ ಅಲ್ಲಿಂದ ಸುಮಾರು 32 ಕಿ.ಮೀ. ಅಂಬೇವೆಲ, ಪಟ್ಟಿಪೊಳ ಮೂಲಕ ದಾರಿ. ವ್ಯಾನನ್ನು ಹಿಂದಿನ ಸಂಜೆಯೇ ಮಾತಾಡಿಡಿ. ದರದಲ್ಲಿ ಕಾಯುವ ಹೊತ್ತು ಸೇರಿದೆಯೇ ಎಂದು ಬಿಡಿಸಿ ಕೇಳಿ. ಬೆಳಗಿನ ಜಾವ 4.45ಕ್ಕೆ ಹೊರಟರೆ ಆರು ಗಂಟೆಗೆ ಟಿಕೆಟ್ ಕೌಂಟರ್ ತೆರೆಯುವಾಗ ಮುಂದಿನ ಸಾಲಿನಲ್ಲಿರುತ್ತೀರಿ. ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ದರ ಕಡಿಮೆ, ಅದಕ್ಕೆ ಮೂಲ ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಟಿಕೆಟ್ ಮೇಲೆ ವಾಹನದ ಶುಲ್ಕ, ಸೇವಾ ಶುಲ್ಕ, ತೆರಿಗೆಯೂ ಸೇರುತ್ತವೆ.

ಉದ್ಯಾನ ಇರುವುದು 2,100 ಮೀಟರಿಗಿಂತ ಎತ್ತರದಲ್ಲಿ. ದಾವಣಗೆರೆಯ ಬಿಸಿಲಿಗೆ ಒಗ್ಗಿದ ಮೈಗೆ ಅಲ್ಲಿಯ ಬೆಳಗಿನ ಚಳಿ ಹೊಡೆತ ಕೊಡುತ್ತದೆ. ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುವುದೂ ಉಂಟು. ಒಂದೇ ದಪ್ಪ ಸ್ವೆಟರ್ ಹಾಕಿಕೊಂಡರೆ ಎಂಟು ಗಂಟೆಗೆ ಬೆವರಿ ಒದ್ದೆಯಾಗುತ್ತೀರಿ, ಆಮೇಲೆ ಗಾಳಿ ಬೀಸಿದಾಗ ನಡುಕ ಹತ್ತುತ್ತದೆ. ತೆಳು ಉಡುಪು, ಅದರ ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜರ್ಕಿನ್, ಕಿವಿ ಮುಚ್ಚುವ ಟೋಪಿ ಇದ್ದರೆ ಒಂದೊಂದಾಗಿ ಬಿಚ್ಚುತ್ತ ಹೋಗಬಹುದು. ಆ ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ಹಾದಿಯಲ್ಲಿ ಬೇರು, ಉರುಟು ಕಲ್ಲು, ಜಾರುವ ಮಣ್ಣು. ಚಪ್ಪಲಿ ಸಾಲದು, ಹಿಡಿತ ಇರುವ ಶೂ ಬೇಕೇ ಬೇಕು. ಹೊಸ ಶೂ ಆದರೆ ಎರಡು ವಾರ ಮೊದಲೇ ಹಾಕಿಕೊಂಡು ದುರ್ಗದ ಕೋಟೆ ಹತ್ತಿ ಇಳಿದು ಪಳಗಿಸಿ. ಇಲ್ಲದಿದ್ದರೆ ಹಿಮ್ಮಡಿ ಬೊಕ್ಕೆ ಏಳುವುದು ಖಂಡಿತ.

ಬಾಗಿಲಲ್ಲಿ ಚೀಲ ತಪಾಸಣೆ ಮಾಡುತ್ತಾರೆ. ಪಾಲಿಥಿನ್ ಕವರ್, ಬಿಸ್ಕತ್ತಿನ ಹಾಳೆ, ನೀರಿನ ಬಾಟಲಿಯ ಲೇಬಲ್ ಎಲ್ಲವನ್ನೂ ತೆಗೆಸುತ್ತಾರೆ. ಇದು ಸುಮ್ಮನೆ ಕಿರುಕುಳ ಅಲ್ಲ. ನಮ್ಮ ಬಸ್ ನಿಲ್ದಾಣಗಳಲ್ಲಿ ದನಗಳು ಪ್ಲಾಸ್ಟಿಕ್ ಮೇಯುವಂತೆ ಅಲ್ಲಿಯ ಕಡವೆಗಳೂ ತಿಂಡಿಯ ವಾಸನೆಗೆ ಕವರನ್ನು ನುಂಗುತ್ತವೆ. ಪಾರ್ಕಿಂಗ್ ಹತ್ತಿರ ಅವು ಮೈಮೇಲೆ ಬರುವಷ್ಟು ಸಲಿಗೆಯಿಂದ ನಿಂತಿರುತ್ತವೆ. ದಯವಿಟ್ಟು ಒಂದು ಬಾಳೆಹಣ್ಣನ್ನೂ ಕೊಡಬೇಡಿ. ಊರಿನಿಂದ ಮಂಡಕ್ಕಿ ಒಯ್ಯುವ ಆಸೆ ಇದ್ದರೆ ಬಿಡಿ, ಆ ತೇವಕ್ಕೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಕಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಶೇಂಗಾ ಚಟ್ನಿಪುಡಿಯನ್ನು ಸ್ಟೀಲ್ ಡಬ್ಬಿಗೆ ಹಾಕಿದರೆ ಯಾರೂ ತಡೆಯುವುದಿಲ್ಲ. ತಲೆಗೆ ಒಂದೂವರೆ ಲೀಟರ್ ನೀರು ಸ್ಟೀಲ್ ಬಾಟಲಿಯಲ್ಲಿರಲಿ. ಶೌಚಾಲಯ ನಡಿಗೆ ಶುರುವಾಗುವ ಜಾಗದ ಫಾರ್ ಇನ್ ಕೇಂದ್ರದಲ್ಲೇ ಮುಗಿಸಿಕೊಳ್ಳಿ, ನಡಿಗೆಯ ಹಾದಿಯಲ್ಲಿ ಅಂಗಡಿಯೂ ಇಲ್ಲ.

ಫಾರ್ ಇನ್‌ನಿಂದ ಸುತ್ತು ಹಾದಿ ಸುಮಾರು 9 ಕಿ.ಮೀ., ಮೂರರಿಂದ ನಾಲ್ಕು ತಾಸು. ಕವಲಿನ ಫಲಕದಲ್ಲಿ ವರ್ಲ್ಡ್ಸ್ ಎಂಡ್ ದಿಕ್ಕನ್ನೇ ಹಿಡಿಯಿರಿ. ಬೇಕರ್ಸ್ ಜಲಪಾತ ಮೊದಲು ನೋಡೋಣ ಎಂದು ಆ ಕಡೆ ತಿರುಗಿದವರು ಪ್ರಪಾತದ ನೋಟ ಕಳೆದುಕೊಳ್ಳುತ್ತಾರೆ. ಜಲಪಾತ ಮಂಜಿನಲ್ಲೂ ಕಾಣುತ್ತದೆ, ಪ್ರಪಾತ ಕಾಣುವುದಿಲ್ಲ. ಮೊದಲು ಸಿಗುವ ಮಿನಿ ವರ್ಲ್ಡ್ಸ್ ಎಂಡ್‌ನಲ್ಲಿ ಐದು ನಿಮಿಷ ಸಾಕು. ಆರೂವರೆಗೆ ನಡಿಗೆ ಶುರುಮಾಡಿದರೆ 4 ಕಿ.ಮೀ. ದಾಟಿ ಎಂಟರ ಒಳಗೆ ದೊಡ್ಡ ಪ್ರಪಾತದ ಮುಂದೆ ಇರುತ್ತೀರಿ. ನೆಲ ಅಲ್ಲಿ ಸುಮಾರು 880 ಮೀಟರ್ ಕೆಳಕ್ಕೆ ಬೀಳುತ್ತದೆ. ಆಕಾಶ ತೀರಾ ತಿಳಿಯಾಗಿದ್ದರೆ ದಕ್ಷಿಣದ ಸಮುದ್ರವೂ ಒಂದು ಗೆರೆಯಂತೆ ಕಂಡೀತು. ಅಂಚಿನ ಬಂಡೆ ಒದ್ದೆಯಾಗಿರುತ್ತದೆ, ಸೆಲ್ಫಿಗೆಂದು ಹಿಂದಕ್ಕೆ ಹೆಜ್ಜೆ ಇಡಬೇಡಿ. ಮಕ್ಕಳ ಕೈ ಬಿಡಲೇಬೇಡಿ.

ಮಂಜು ಬಂದಮೇಲೆ ನಿಧಾನವಾಗಿ ನಡೆಯಬಹುದು. ಬಾಬಾಬುಡನ್‌ಗಿರಿ, ಕುದುರೆಮುಖ ಕಂಡವರಿಗೆ ಈ ಹುಲ್ಲುಗಾವಲು ಮತ್ತು ಕಣಿವೆಯ ಕಾಡು ಹೊಸದೆನಿಸುವುದಿಲ್ಲ, ನಮ್ಮ ಶೋಲಾ ಕಾಡಿನ ನಂಟು ಅದು. ಕೆಂಪು ಹೂವಿನ ಸೊಟ್ಟ ಮರಗಳು ರೋಡೋಡೆಂಡ್ರಾನ್. ಕೊಂಬೆಗಳ ಮೇಲೆ ಮೂಗಿನ ತುದಿಯಲ್ಲಿ ಕೊಂಬಿರುವ ಓತಿಕೇತ ಹುಡುಕಿ, ಶ್ರೀಲಂಕಾ ಬಿಟ್ಟರೆ ಎಲ್ಲೂ ಇಲ್ಲ. ಸುಮಾರು 20 ಮೀಟರ್ ಎತ್ತರದ ಬೇಕರ್ಸ್ ಜಲಪಾತಕ್ಕೆ ಇಳಿಯುವ ತುಣುಕು ಕಡಿದು, ಮೊಣಕಾಲು ನೋವಿರುವವರಿಗೆ ಕೋಲು ಬೇಕು. ನೀರಿಗಿಳಿಯಬಾರದು.

ಎರಡನೇ ದಿನವೂ ಕಾಲಲ್ಲಿ ಕಸುವಿದ್ದರೆ ಇನ್ನೊಂದು ಟಿಕೆಟ್ ತೆಗೆದು 2,357 ಮೀಟರಿನ ‘ತೊಟುಪೊಳ ಕಂದ’ ಬೆಟ್ಟ ಹತ್ತಿ, ಪಟ್ಟಿಪೊಳ ಕಡೆಯ ದಾರಿಯಿಂದ ಅದು ಚಿಕ್ಕ ಏರು. 2,388 ಮೀಟರಿನ ಕಿರಿಗಲ್‌ಪೊತ್ತ ಬಹಳ ಉದ್ದದ ನಡಿಗೆ, ಮಕ್ಕಳು ಜೊತೆಗಿದ್ದರೆ ಬೇಡ.